ಸಾಲ ವಸೂಲಿ ಫೋನುಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಕಂತು ತಪ್ಪಿದ ಮೇಲೆ ಶುರುವಾಗುವ ಫೋನುಗಳ ಬಗ್ಗೆ ಜನ ಎದುರಿಗೆ ಸಿಕ್ಕಾಗ ಕೇಳಿದ್ದು, ಪತ್ರ ಬರೆದದ್ದು, ಮೆಸೇಜ್ ಹಾಕಿದ್ದು ಎಲ್ಲವನ್ನೂ ಇಲ್ಲಿ ಒಟ್ಟು ಮಾಡಿದ್ದೇನೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಬಿಟ್ಟಿದ್ದೇನೆ, ಹೆಸರು ಊರು ತೆಗೆದಿದ್ದೇನೆ. ಇಲ್ಲಿರುವ ಯಾವ ಉತ್ತರವೂ ಸಾಲ ತಪ್ಪಿಸಿಕೊಳ್ಳುವ ದಾರಿಯಲ್ಲ. ಫೋನಿನಲ್ಲಿ ಕೂಗಾಟವಾಗಿರುವ ವ್ಯವಹಾರವನ್ನು ಕಾಗದದ ಮೇಲೆ ತರುವುದು ಹೇಗೆ ಅನ್ನುವುದಷ್ಟೇ ಇಲ್ಲಿನ ವಿಷಯ. ಏಜೆಂಟರಿಗೆ ಬಾಯಿಮಾತೇ ಇಷ್ಟ, ಯಾಕೆಂದರೆ ಅದಕ್ಕೆ ಸಾಕ್ಷಿ ಇರುವುದಿಲ್ಲ.

## ಫೋನ್ ಬಂದಾಗ

ದಿನಕ್ಕೆ ಹತ್ತಿಪ್ಪತ್ತು ಸಲ ಫೋನ್ ಮಾಡ್ತಾರೆ. ಇದಕ್ಕೊಂದು ಲೆಕ್ಕ, ಟೈಮು ಅಂತ ಇಲ್ವಾ?

ಟೈಮು ಇದೆ. 2022ರ ಆಗಸ್ಟ್ 12ರಂದು ಆರ್‌ಬಿಐ ಹೊರಡಿಸಿದ ಸುತ್ತೋಲೆಯ ಪ್ರಕಾರ ಬೆಳಗ್ಗೆ 8ಕ್ಕೆ ಮುಂಚೆ, ಸಂಜೆ 7ರ ನಂತರ ಬಾಕಿ ವಸೂಲಿಗೆ ಫೋನ್ ಮಾಡುವಂತಿಲ್ಲ. ಮೈಕ್ರೋಫೈನಾನ್ಸ್ ಸಾಲಕ್ಕೆ ಇನ್ನೂ ಬಿಗಿ: ಬೆಳಗ್ಗೆ 9ರಿಂದ ಸಂಜೆ 6ರವರೆಗೆ ಮಾತ್ರ. ವರ್ಷಕ್ಕೆ 3 ಲಕ್ಷ ರೂಪಾಯಿವರೆಗೆ ಆದಾಯ ಇರುವ ಕುಟುಂಬಕ್ಕೆ ಅಡಮಾನ ಇಲ್ಲದೆ ಕೊಟ್ಟ ಸಾಲವೆಲ್ಲ ಮೈಕ್ರೋಫೈನಾನ್ಸ್ ಸಾಲವೇ, ಕೊಟ್ಟದ್ದು ದೊಡ್ಡ ಬ್ಯಾಂಕಾದರೂ ಅಷ್ಟೆ.

ದಿನಕ್ಕೆ ಇಷ್ಟೇ ಸಲ ಎಂಬ ಅಂಕಿಯನ್ನು ಆ ಸುತ್ತೋಲೆ ಹಾಕಿಲ್ಲ. ಆದರೆ ಬಿಡದೆ ಫೋನ್ ಮಾಡಿ ಕಾಡುವುದು, ಹೆಸರು ಹೇಳದೆ ಕರೆ ಮಾಡುವುದು, ಬೆದರಿಸುವುದು, ಸುಳ್ಳು ಹೇಳಿ ಹೆದರಿಸುವುದು ಇವೆಲ್ಲ ಕೂಡದು ಎಂದು ಅದರಲ್ಲೇ ಬರೆದಿದೆ. ಬೆಳಗ್ಗೆ ಒಮ್ಮೆ ಮಾತಾಡಿ "ಐದನೇ ತಾರೀಖು ಸಂಬಳ ಆದಮೇಲೆ ಕಟ್ತೀನಿ" ಎಂದು ಹೇಳಿದವರಿಗೆ ಅದೇ ದಿನ ಬೇರೆ ಬೇರೆ ನಂಬರಿನಿಂದ ಮತ್ತೆ ಮತ್ತೆ ರಿಂಗಾದರೆ ಅದು ವಸೂಲಿಯಲ್ಲ, ಕಾಟ. ಕಾಲ್ ಲಾಗ್‌ನ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ.

ಫೋನ್ ಎತ್ತಲೇಬೇಕಾ? ಎಲ್ಲಾ ನಂಬರ್ ಬ್ಲಾಕ್ ಮಾಡಿಬಿಡೋಣ ಅನ್ಸುತ್ತೆ.

ಎತ್ತಲೇಬೇಕು ಎಂಬ ಕಾನೂನಿಲ್ಲ. ಆದರೆ ಎಲ್ಲವನ್ನೂ ಬ್ಲಾಕ್ ಮಾಡಿದರೆ ಏಜೆಂಟ್ ತನ್ನ ಕಡತದಲ್ಲಿ "ಗ್ರಾಹಕರು ಸಿಗುತ್ತಿಲ್ಲ" ಎಂದು ಬರೆಯುತ್ತಾನೆ, ಮುಂದಿನ ಫೋನು ನಿಮ್ಮ ತಮ್ಮನಿಗೋ ಆಫೀಸಿಗೋ ಹೋಗುತ್ತದೆ. ಒಂದು ಸಲ ಎತ್ತಿ, ಎರಡೇ ನಿಮಿಷ ಮಾತಾಡಿ, "ಉಳಿದದ್ದು ಇಮೇಲ್‌ನಲ್ಲಿ ಕಳಿಸಿ" ಎಂದು ಹೇಳಿ ಇಡಿ. ಅದೇ ದಿನ ಬ್ಯಾಂಕಿಗೆ ನೀವೂ ಒಂದು ಇಮೇಲ್ ಹಾಕಿ. ಆಮೇಲೂ ಬೈಗುಳ ಬರುವ ನಂಬರನ್ನು ಧಾರಾಳವಾಗಿ ಬ್ಲಾಕ್ ಮಾಡಬಹುದು. ಡಿಎನ್‌ಡಿ ಹಾಕಿಸಿದರೆ ನಿಲ್ಲುತ್ತದಾ ಎಂದು ಬಹಳ ಜನ ಕೇಳುತ್ತಾರೆ. ನಿಲ್ಲುವುದಿಲ್ಲ, ಅದು ಜಾಹೀರಾತು ಕರೆಗಳಿಗೆ ಮಾತ್ರ.

ಫೋನ್ ಮಾಡಿದವನು ನಿಜವಾಗಿ ಬ್ಯಾಂಕಿನ ಕಡೆಯವನೇ ಅಂತ ಹೇಗೆ ತಿಳ್ಕೊಳ್ಳೋದು?

ನಾಲ್ಕು ಪ್ರಶ್ನೆ ಕೇಳಿ: ನಿಮ್ಮ ಹೆಸರೇನು, ಯಾವ ಏಜೆನ್ಸಿ, ಯಾವ ಬ್ಯಾಂಕಿನ ಸಾಲ, ಖಾತೆಯ ಕೊನೆಯ ನಾಲ್ಕು ಅಂಕಿ ಯಾವುದು. ಸರಿಯಾದವನು ಹೇಳುತ್ತಾನೆ. ಅಲ್ಲದವನ ಉತ್ತರ ಸಾಮಾನ್ಯವಾಗಿ ಹೀಗಿರುತ್ತದೆ: "ಅದೆಲ್ಲಾ ಯಾಕ್ ಸಾರ್ ನಿಮ್ಗೆ, ದುಡ್ಡು ಯಾವಾಗ ಹಾಕ್ತೀರಾ ಅದನ್ ಹೇಳಿ."

ಬ್ಯಾಂಕು ಸಾಲವನ್ನು ವಸೂಲಿ ಏಜೆನ್ಸಿಗೆ ಒಪ್ಪಿಸಿದರೆ ಅದರ ವಿವರ ನಿಮಗೆ ತಿಳಿಸಬೇಕು. ಮನೆಗೆ ಬರುವವನ ಹತ್ತಿರ ಗುರುತಿನ ಚೀಟಿಯೂ ಬ್ಯಾಂಕಿನ ಅಧಿಕಾರ ಪತ್ರವೂ ಇರಬೇಕು. ಅನುಮಾನ ಬಂದರೆ ಅವನು ಕೊಟ್ಟ ನಂಬರಿಗಲ್ಲ, ಪಾಸ್‌ಬುಕ್ ಅಥವಾ ಸಾಲದ ಪತ್ರದಲ್ಲಿರುವ ನಂಬರಿಗೆ ಫೋನ್ ಮಾಡಿ ವಿಚಾರಿಸಿ.

ದುಡ್ಡು ಕಟ್ಟುವುದಾದರೆ ಸಾಲದ ಖಾತೆಗೇ ಕಟ್ಟಿ, ಶಾಖೆಯಲ್ಲೋ ಬ್ಯಾಂಕಿನದೇ ಆ್ಯಪ್‌ನಲ್ಲೋ. "ನನ್ನ ನಂಬರಿಗೆ ಫೋನ್‌ಪೇ ಮಾಡಿ ಸಾರ್, ನಾನೇ ಅಪ್‌ಡೇಟ್ ಮಾಡಿಸ್ತೀನಿ" ಅಂದವನಿಗೆ ಹತ್ತು ರೂಪಾಯಿಯನ್ನೂ ಹಾಕಬೇಡಿ.

ಸಂಜೆಯೊಳಗೆ ಕಟ್ಟದಿದ್ರೆ ಪೊಲೀಸ್ ಕಳಿಸ್ತೀವಿ ಅಂತಾರೆ. ಸಾಲ ಕಟ್ಟದಿದ್ರೆ ಜೈಲಾ?

ಕಟ್ಟಲಾಗದೆ ಬಾಕಿ ಉಳಿದರೆ ಅದು ಸಿವಿಲ್ ವ್ಯಾಜ್ಯ, ಅಪರಾಧವಲ್ಲ. ಕೊಟ್ಟವರು ಕೋರ್ಟಿಗೆ ಹೋಗಿ ವಸೂಲಿಗೆ ಆದೇಶ ತರಬೇಕು. ಫೋನಿನಲ್ಲಿ "ವಾರೆಂಟ್ ರೆಡಿ ಇದೆ" ಅನ್ನುವವನ ಹತ್ತಿರ ಯಾವ ವಾರೆಂಟೂ ಇರುವುದಿಲ್ಲ. ವಿಡಿಯೋ ಕಾಲ್‌ನಲ್ಲಿ ಖಾಕಿ ಹಾಕಿ ಕೂತು "ಡಿಜಿಟಲ್ ಅರೆಸ್ಟ್" ಅನ್ನುವವರಂತೂ ಶುದ್ಧ ಕಳ್ಳರು. ಅಂಥದ್ದೊಂದು ನಮ್ಮ ಕಾನೂನಿನಲ್ಲೇ ಇಲ್ಲ.

ಆದರೆ ಎರಡು ಕಡೆ ಹುಷಾರಾಗಿರಬೇಕು. ಒಂದು, ಚೆಕ್ ಕೊಟ್ಟು ಅದು ಬೌನ್ಸ್ ಆದರೆ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಂ ಪ್ರಕಾರ ಕ್ರಿಮಿನಲ್ ಕೇಸು ಆಗುತ್ತದೆ. ಎರಡು ವರ್ಷದವರೆಗೆ ಸಜೆ ಅಥವಾ ಚೆಕ್ಕಿನ ಎರಡು ಪಟ್ಟಿನವರೆಗೆ ದಂಡ ಅಥವಾ ಎರಡೂ. ಇನ್ನೊಂದು ಬಹಳ ಜನಕ್ಕೆ ಗೊತ್ತಿಲ್ಲ: ಖಾತೆಯಿಂದ ತಾನಾಗಿ ಕಂತು ಕಡಿತವಾಗಲು ಸಹಿ ಹಾಕಿಕೊಟ್ಟ ಮ್ಯಾಂಡೇಟ್ ದುಡ್ಡಿಲ್ಲದೆ ಬೌನ್ಸ್ ಆದರೂ 2007ರ ಪೇಮೆಂಟ್ ಅಂಡ್ ಸೆಟ್ಲ್‌ಮೆಂಟ್ ಸಿಸ್ಟಮ್ಸ್ ಕಾಯ್ದೆಯ 25ನೇ ಕಲಂನಡಿ ಇದೇ ಶಿಕ್ಷೆ ಇದೆ. ಎರಡರಲ್ಲೂ ಮೊದಲು ಲಿಖಿತ ನೋಟಿಸ್ ಬರಬೇಕು, ಕೈಸೇರಿದ ಮೇಲೆ ಕಟ್ಟಲು 15 ದಿನ ಸಿಗುತ್ತದೆ. ಪೋಸ್ಟ್‌ಮ್ಯಾನ್ ತಂದ ಲಕೋಟೆಯನ್ನು "ಡೋರ್ ಲಾಕ್" ಅಂತ ವಾಪಸ್ ಕಳಿಸುವುದು ಜಾಣತನವಲ್ಲ. ವಕೀಲರಿಗೆ ತೋರಿಸಿ, 15 ದಿನದೊಳಗೆ ಉತ್ತರವೋ ದುಡ್ಡೋ ಹೋಗಬೇಕು.

ಸಾಲ ನಂದಲ್ಲ. ಯಾರೋ ಮಂಜುನಾಥ ಅಂತ ಕೇಳ್ತಾನೇ ಇರ್ತಾರೆ.

ನಿಮ್ಮ ಸಿಮ್ ನಂಬರ್ ಹಿಂದೆ ಇನ್ನೊಬ್ಬರದ್ದಾಗಿತ್ತು, ಇಲ್ಲವೆ ಯಾರೋ ನಿಮ್ಮ ನಂಬರನ್ನು ರೆಫರೆನ್ಸ್ ಎಂದು ಕೊಟ್ಟಿದ್ದಾರೆ. ಬ್ಯಾಂಕಿನ ಹೆಸರು ಕೇಳಿಕೊಂಡು, "ಈ ನಂಬರ್ ನನ್ನದು, ಆ ವ್ಯಕ್ತಿ ನನಗೆ ಗೊತ್ತಿಲ್ಲ, ದಾಖಲೆಯಿಂದ ತೆಗೆಯಿರಿ" ಎಂದು ಆ ಬ್ಯಾಂಕಿನ ದೂರು ವಿಭಾಗಕ್ಕೆ ಇಮೇಲ್ ಕಳಿಸಿ. ನಿಮ್ಮ ಆಧಾರ್, ಹುಟ್ಟಿದ ತಾರೀಖು ಯಾವುದನ್ನೂ ಹೇಳಬೇಡಿ. ಅವರು ಹೇಳುವ ಹೆಸರು ನಿಮ್ಮದೇ ಆಗಿದ್ದು ಸಾಲ ಮಾತ್ರ ಗೊತ್ತಿಲ್ಲದ್ದಾದರೆ ಕ್ರೆಡಿಟ್ ರಿಪೋರ್ಟ್, ಅಂದರೆ ನಿಮ್ಮ ಹೆಸರಿನಲ್ಲಿರುವ ಸಾಲಗಳ ದಾಖಲೆ, ತೆಗೆಸಿ ನೋಡಿ. ಸಿಬಿಲ್, ಎಕ್ಸ್‌ಪೀರಿಯನ್, ಇಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈ ಮಾರ್ಕ್ ಎಂಬ ನಾಲ್ಕು ಕಂಪನಿಗಳೂ ವರ್ಷಕ್ಕೊಮ್ಮೆ ಪೂರ್ತಿ ವರದಿಯನ್ನು ಪುಕ್ಕಟೆ ಕೊಡಬೇಕು.

## ಮನೆಯವರು, ನೆಂಟರು, ಜಾಮೀನು

ನಮ್ಮ ಮಾವನಿಗೆ, ಆಫೀಸಿನ ಮ್ಯಾನೇಜರ್‌ಗೆ ಫೋನ್ ಮಾಡಿ ಎಲ್ಲಾ ಹೇಳಿಬಿಟ್ರು. ಇದು ಸರೀನಾ?

ಸರಿಯಲ್ಲ. ಸಾಲಗಾರರನ್ನು ನಾಲ್ಕು ಜನರ ಎದುರು ಅವಮಾನ ಮಾಡುವುದು, ಮನೆಯವರ, ಸ್ನೇಹಿತರ, ರೆಫರೆನ್ಸ್ ಕೊಟ್ಟವರ ಖಾಸಗಿತನಕ್ಕೆ ಕೈಹಾಕುವುದು ಆಗಸ್ಟ್ 2022ರ ಸುತ್ತೋಲೆಯಲ್ಲಿ ನೇರವಾಗಿ ನಿಷೇಧವಾಗಿದೆ. ಏಜೆಂಟ್ ತಪ್ಪು ಮಾಡಿದರೆ ಹೊಣೆ ಬ್ಯಾಂಕಿನದೇ. "ಅದು ಏಜೆನ್ಸಿಯವರು ಮಾಡಿದ್ದು, ನಮಗೆ ಸಂಬಂಧ ಇಲ್ಲ" ಎಂದು ಶಾಖೆಯವರು ಕೈತೊಳೆದುಕೊಳ್ಳುವಂತಿಲ್ಲ.

ಫೋನ್ ಹೋದವರಿಂದ ಒಂದು ಸಹಾಯ ಕೇಳಿ: ಬಂದ ನಂಬರ್, ದಿನ, ಹೊತ್ತು, ಏನೆಂದರು ಎಂಬುದನ್ನು ನಿಮಗೊಂದು ವಾಟ್ಸ್ಆ್ಯಪ್ ಮೆಸೇಜ್ ಮಾಡಲಿ. ಮಾವನ ಹತ್ತಿರ ಇದನ್ನು ಕೇಳಲು ನಾಚಿಕೆಯಾಗುತ್ತದೆ, ನಿಜ. ಆದರೆ ದೂರಿಗೆ ಇದಕ್ಕಿಂತ ಗಟ್ಟಿ ಸಾಕ್ಷಿ ಇಲ್ಲ.

ಆ್ಯಪ್‌ನಲ್ಲಿ ಐದು ಸಾವಿರ ತಗೊಂಡಿದ್ದೆ. ಈಗ ನನ್ನ ಫೋಟೋ ಎಡಿಟ್ ಮಾಡಿ ಎಲ್ಲರಿಗೂ ಕಳಿಸ್ತೀವಿ ಅಂತಿದಾರೆ.

ಇದು ಸಾಲ ವಸೂಲಿ ಅಲ್ಲ, ಸುಲಿಗೆ. ಮೊದಲು ಮಾಡಬೇಕಾದ್ದು ದುಡ್ಡು ಹಾಕದಿರುವುದು. ಒಮ್ಮೆ ಹಾಕಿದರೆ "ಇವರು ಹೆದರುತ್ತಾರೆ" ಎಂದು ಗೊತ್ತಾಗಿ ಇನ್ನಷ್ಟು ಕೇಳುತ್ತಾರೆ. ಮೆಸೇಜ್, ಫೋಟೋ, ನಂಬರ್, ಯುಪಿಐ ಐಡಿ ಎಲ್ಲದರ ಸ್ಕ್ರೀನ್‌ಶಾಟ್ ತೆಗೆದಿಟ್ಟು, ಅದಾದ ಮೇಲೆ ಆ್ಯಪ್‌ಗೆ ಕೊಟ್ಟ ಕಾಂಟ್ಯಾಕ್ಟ್, ಗ್ಯಾಲರಿ ಪರ್ಮಿಷನ್ ತೆಗೆದು, ಆ್ಯಪ್ ಡಿಲೀಟ್ ಮಾಡಿ. 1930ಕ್ಕೆ ಫೋನ್ ಮಾಡಿ ಅಥವಾ ರಾಷ್ಟ್ರೀಯ ಸೈಬರ್ ಕ್ರೈಂ ಪೋರ್ಟಲ್‌ನಲ್ಲಿ ದೂರು ಹಾಕಿ. ಜಿಲ್ಲೆಯ ಸೈಬರ್ ಅಪರಾಧ ಠಾಣೆಗೂ ಹೋಗಬಹುದು.

ನಿಮ್ಮ ಕಾಂಟ್ಯಾಕ್ಟ್‌ನಲ್ಲಿರುವವರಿಗೆ ನೀವೇ ಮೊದಲು ಒಂದು ಸಾಲು ಕಳಿಸಿಬಿಡಿ: "ನನ್ನ ಫೋನ್ ಮಾಹಿತಿ ಕಳುವಾಗಿದೆ, ನನ್ನ ಹೆಸರಲ್ಲಿ ಏನೇ ಬಂದರೂ ನಂಬಬೇಡಿ, ತೆರೆಯಬೇಡಿ." ಬೆದರಿಸುವವನ ಕೈಯಲ್ಲಿದ್ದ ಅಸ್ತ್ರ ಅಲ್ಲಿಗೆ ಅರ್ಧ ಮೊಂಡಾಗುತ್ತದೆ.

ಆರ್‌ಬಿಐ ನಿಯಮದಲ್ಲಿ ನಡೆಯುವ ಸಾಲದ ಆ್ಯಪ್‌ಗಳು ಕಾಂಟ್ಯಾಕ್ಟ್ ಪಟ್ಟಿ, ಕಾಲ್ ಲಾಗ್, ಫೈಲುಗಳನ್ನು ಮುಟ್ಟುವಂತಿಲ್ಲ. ಸಾಲದ ದುಡ್ಡು ಬ್ಯಾಂಕಿನಿಂದ ನೇರ ನಿಮ್ಮ ಖಾತೆಗೆ ಬರಬೇಕು, ಕಂತು ನೇರ ಅವರ ಖಾತೆಗೇ ಹೋಗಬೇಕು. ಕಾನೂನುಬದ್ಧ ಆ್ಯಪ್‌ಗಳ ಪಟ್ಟಿ ಆರ್‌ಬಿಐ ವೆಬ್‌ಸೈಟಿನಲ್ಲಿದೆ.

ಈ ಬೆದರಿಕೆಗೆ ಹೆದರಿ ಜೀವ ಕಳೆದುಕೊಂಡವರ ಸುದ್ದಿ ನಾವೆಲ್ಲ ಓದಿದ್ದೇವೆ. ಮನಸ್ಸು ಆ ಕಡೆಗೆ ಹೊರಳಿದೆ ಅನಿಸಿದರೆ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ಮನೆಯಲ್ಲಿ ಒಬ್ಬರಿಗಾದರೂ ಇವತ್ತೇ ಹೇಳಿ.

ಸಂಘದಾಗ ಒಬ್ಬಾಕಿ ಕಟ್ಟಿಲ್ಲಂದ್ರ ಎಲ್ಲಾರ್ನೂ ರಾತ್ರಿತನಾ ಕುಂದರಸ್ತಾರ್ರೀ. ಮನಿ ಮುಂದ ಬಂದು ಒದರ್ತಾರ. ಏನ್ ಮಾಡೂದು?

ಗುಂಪು ಸಾಲದಲ್ಲಿ ಒಬ್ಬರಿಗೊಬ್ಬರು ಹೊಣೆ ಎಂದು ಸಹಿ ಹಾಕಿರುತ್ತೀರಿ, ಆದ್ದರಿಂದ ಗುಂಪಿನವರನ್ನು ಕೇಳುವುದೇ ತಪ್ಪು ಅನ್ನಲಾಗದು. ಆದರೆ ಕೇಳುವುದು ಬೇರೆ, ಎದ್ದು ಹೋಗಲು ಬಿಡದೆ ಕೂರಿಸಿಕೊಳ್ಳುವುದು ಬೇರೆ. ಎರಡನೆಯದು ಅಕ್ರಮ ತಡೆ, ಪೊಲೀಸ್ ಕೇಸಾಗುತ್ತದೆ. ಹಾಗೆ ಕೂರಿಸಿದಾಗ ಯಾರಾದರೂ ಒಬ್ಬರು ಅಲ್ಲಿಂದಲೇ 112ಕ್ಕೆ ಫೋನ್ ಮಾಡಿ.

ಮೈಕ್ರೋಫೈನಾನ್ಸ್ ಕಂತು ವಸೂಲಿ ಇಬ್ಬರೂ ಒಪ್ಪಿದ ಜಾಗದಲ್ಲಿ ನಡೆಯಬೇಕು. ಸಾಲಗಾರರು ಸತತ ಎರಡು ಅಥವಾ ಹೆಚ್ಚು ಸಲ ಆ ಜಾಗಕ್ಕೆ ಬರದಿದ್ದರೆ ಮಾತ್ರ ಸಿಬ್ಬಂದಿ ಮನೆಗೋ ಕೆಲಸದ ಜಾಗಕ್ಕೋ ಹೋಗಬಹುದು. ಹಾಗಾಗಿ ದುಡ್ಡು ಇಲ್ಲದಿದ್ದರೂ ಕೇಂದ್ರಕ್ಕೆ ಹೋಗಿ, ಬಂದಿದ್ದೇನೆ ಎಂದು ಪುಸ್ತಕದಲ್ಲಿ ಬರೆಸಿ. ಆಗ ಮನೆ ಬಾಗಿಲಿಗೆ ಬರಲು ಅವರಿಗೆ ನೆಪ ಉಳಿಯುವುದಿಲ್ಲ.

ಇನ್ನೊಂದು ನಿಯಮ ಸಾಲ ಕೊಡುವಾಗಲೇ ಮುರಿದಿರುತ್ತದೆ. ಕುಟುಂಬದ ಎಲ್ಲ ಸಾಲದ ಕಂತು ಸೇರಿ ತಿಂಗಳ ಆದಾಯದ ಅರ್ಧ ದಾಟಬಾರದು. ನಾಲ್ಕು ಸಂಘದಲ್ಲಿ ಸಾಲ ಇರುವ ಮನೆಗೆ ಐದನೆಯವರು ಬಂದು ಕೊಟ್ಟಿದ್ದಾರೆಂದರೆ ಅವರು ಲೆಕ್ಕ ನೋಡಿಲ್ಲ. ದೂರಿನಲ್ಲಿ ಇದನ್ನೂ ಬರೆಯಿರಿ.

ಮನೆಯವರು ಹೋಗಿ ಮೂರು ತಿಂಗಳಾಯ್ತು. ಅವರ ಪರ್ಸನಲ್ ಲೋನ್ ನಾನು ಕಟ್ಬೇಕಂತೆ.

ನೀವು ಜೊತೆಗೆ ಸಹಿ ಹಾಕಿಲ್ಲ, ಜಾಮೀನೂ ಇಲ್ಲ ಎಂದಾದರೆ ನಿಮ್ಮ ಸಂಬಳದಿಂದ, ನಿಮ್ಮ ಸ್ವಂತ ಒಡವೆಯಿಂದ ಕಟ್ಟಬೇಕಿಲ್ಲ. ಅವರು ಬಿಟ್ಟುಹೋದ ಆಸ್ತಿ ನಿಮ್ಮ ಕೈಸೇರಿದ್ದರೆ ಅದರ ಬೆಲೆಯಷ್ಟಕ್ಕೆ ಮಾತ್ರ ಹೊಣೆ. ಬ್ಯಾಂಕಿಗೆ ಮರಣ ಪತ್ರದ ನಕಲು ಕಳಿಸಿ, ಸಾಲಕ್ಕೆ ವಿಮೆ ಇತ್ತೇ ಎಂದು ಬರಹದಲ್ಲಿ ಕೇಳಿ. ಎಷ್ಟೋ ಸಾಲಗಳಲ್ಲಿ ಪ್ರೀಮಿಯಂ ಶುರುವಿನಲ್ಲೇ ಹಿಡಿದುಕೊಂಡಿರುತ್ತಾರೆ. ಫೋನಿನಲ್ಲಿ ಅದನ್ನು ಯಾರೂ ಹೇಳುವುದಿಲ್ಲ.

ಸ್ನೇಹಿತನಿಗೆ ಜಾಮೀನು ಹಾಕಿದ್ದೆ. ಅವನನ್ನ ಬಿಟ್ಟು ನನ್ನ ಹಿಂದೆ ಬಿದ್ದಿದಾರೆ.

ಬೀಳಬಹುದು. ಕರಾರು ಕಾಯ್ದೆಯ 128ನೇ ಕಲಂ ಪ್ರಕಾರ ಜಾಮೀನುದಾರರ ಹೊಣೆ ಸಾಲಗಾರರಷ್ಟೇ. "ಮೊದಲು ಅವನನ್ನು ಕೇಳಿ" ಎಂಬ ವಾದ ಕೋರ್ಟಿನಲ್ಲಿ ನಿಲ್ಲುವುದು ಕಷ್ಟ. ಕರೆಯ ಹೊತ್ತು, ಮಾತಿನ ಮರ್ಯಾದೆ ಮಾತ್ರ ನಿಮ್ಮ ವಿಷಯದಲ್ಲೂ ಅದೇ. ನೀವು ಕಟ್ಟಿದರೆ ಆ ದುಡ್ಡನ್ನು ಸ್ನೇಹಿತನಿಂದ ವಸೂಲಿ ಮಾಡುವ ಹಕ್ಕು ನಿಮಗೆ ಬರುತ್ತದೆ, ರಸೀದಿ ನಿಮ್ಮ ಹೆಸರಲ್ಲಿ ಇಸ್ಕೊಳ್ಳಿ.

## ದೂರು ಕೊಡುವುದು

ದೂರು ಎಲ್ಲಿಂದ ಶುರು ಮಾಡ್ಬೇಕು? ನೇರ ಆರ್‌ಬಿಐಗೇ ಬರೆದ್ರೆ ಆಗಲ್ವಾ?

ಮೊದಲು ಸಾಲ ಕೊಟ್ಟವರಿಗೇ ಬರೆಯಬೇಕು. ಅವರ ವೆಬ್‌ಸೈಟಿನಲ್ಲಿ ದೂರು ಪರಿಹಾರ ಅಧಿಕಾರಿಯ ಹೆಸರು, ಇಮೇಲ್ ಇರುತ್ತದೆ. ಕನ್ನಡದಲ್ಲೇ ಬರೆಯಬಹುದು. ಉದ್ದ ಬೇಡ, ಇಷ್ಟು ಸಾಕು:

"ನನ್ನ ಸಾಲದ ಖಾತೆ ಸಂಖ್ಯೆ ಇಂಥದ್ದು. ಮೂರು ಕಂತು ಬಾಕಿ ಇದೆ. ಇಂಥ ತಾರೀಖು ರಾತ್ರಿ 8.40ಕ್ಕೆ ಈ ನಂಬರಿನಿಂದ ಕರೆ ಮಾಡಿದವರು ನನ್ನ ತಾಯಿಗೆ ಅವಾಚ್ಯವಾಗಿ ಬೈದಿದ್ದಾರೆ. ವಸೂಲಿ ಏಜೆನ್ಸಿಯ ಹೆಸರು ಮತ್ತು ಅಧಿಕಾರ ಪತ್ರದ ಪ್ರತಿ ಕಳಿಸಿ. ಅಸಲು, ಬಡ್ಡಿ, ದಂಡ ಬೇರೆ ಬೇರೆಯಾಗಿ ತೋರಿಸಿದ ಲೆಕ್ಕ ಕಳಿಸಿ. ಇನ್ನು ಮುಂದೆ ಈ ನಂಬರಿಗೆ ಮಾತ್ರ, ನಿಯಮದ ಹೊತ್ತಿನಲ್ಲಿ ಮಾತ್ರ ಕರೆ ಮಾಡಿ. ತಿಂಗಳಿಗೆ ಇಷ್ಟು ಕಟ್ಟಬಲ್ಲೆ, ಕಂತನ್ನು ಮರುಹೊಂದಿಸಿ ಕೊಡಿ."

ಕೊನೆಯ ಸಾಲನ್ನು ಬಿಡಬೇಡಿ. ಕಟ್ಟುವ ಮನಸ್ಸಿದೆ ಎಂದು ಬರಹದಲ್ಲಿ ಇದ್ದರೆ ಮುಂದೆ ಯಾರ ಮುಂದೆ ನಿಂತರೂ ನಿಮ್ಮ ಮಾತಿಗೆ ತೂಕ ಇರುತ್ತದೆ. ದಂಡದ ಲೆಕ್ಕ ಕೇಳುವುದಕ್ಕೂ ಕಾರಣ ಇದೆ: 2024ರ ಏಪ್ರಿಲ್‌ನಿಂದ ದಂಡವನ್ನು ಶುಲ್ಕವಾಗಿ ಮಾತ್ರ ಹಾಕಬೇಕು, ಅದನ್ನು ಬಡ್ಡಿಗೆ ಸೇರಿಸಿ ಅದರ ಮೇಲೆ ಮತ್ತೆ ಬಡ್ಡಿ ಹಾಕುವಂತಿಲ್ಲ. ಸಾಲ ಮೂರು ವರ್ಷಕ್ಕಿಂತ ಹಳೆಯದಾದರೆ ಮಾತ್ರ ಹೀಗೆ ಬರೆಯುವ ಮುಂಚೆ ಕೆಳಗಿರುವ "ಹಳೇ ಸಾಲ"ದ ಉತ್ತರ ಓದಿ.

30 ದಿನ ಕಾದರೂ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಸರಿ ಅನಿಸದಿದ್ದರೆ, ಆರ್‌ಬಿಐ ಓಂಬುಡ್ಸ್‌ಮನ್, ಅಂದರೆ ಬ್ಯಾಂಕುಗಳ ಮೇಲಿನ ದೂರು ಕೇಳುವ ಆರ್‌ಬಿಐ ಅಧಿಕಾರಿ. ಆರ್‌ಬಿಐನ ದೂರು ವೆಬ್‌ಸೈಟಾದ ಸಿಎಂಎಸ್ ಪೋರ್ಟಲ್‌ನಲ್ಲಿ ಶುಲ್ಕವಿಲ್ಲದೆ ದೂರು ಹಾಕಬಹುದು, ಮಾಹಿತಿಗೆ 14448. ವಕೀಲರು ಬೇಕಿಲ್ಲ. ಬ್ಯಾಂಕಿಗೆ ಬರೆದ ಇಮೇಲಿನ ಪ್ರತಿ ಇಲ್ಲದಿದ್ದರೆ ದೂರು ಅಲ್ಲೇ ಬಿದ್ದುಹೋಗುತ್ತದೆ.

ನಮ್ಮ ಊರುಗಳಲ್ಲಿ ಒಂದು ಗೊಂದಲ ಸಾಮಾನ್ಯ. ಸೌಹಾರ್ದ ಸಹಕಾರಿ, ಪತ್ತಿನ ಸಹಕಾರ ಸಂಘಗಳನ್ನು ಜನ "ಬ್ಯಾಂಕು" ಅಂತಲೇ ಕರೆಯುತ್ತಾರೆ. ಅವು ಆರ್‌ಬಿಐ ಓಂಬುಡ್ಸ್‌ಮನ್ ವ್ಯಾಪ್ತಿಗೆ ಬರುವುದಿಲ್ಲ, ದೂರು ಸಹಕಾರ ಇಲಾಖೆಗೆ ಹೋಗಬೇಕು.

ಫೋನ್ ರೆಕಾರ್ಡ್ ಮಾಡ್ಕೊಂಡ್ರೆ ನಮ್ಮ ಮೇಲೇ ಕೇಸ್ ಹಾಕ್ತೀವಿ ಅಂತಾರೆ.

ನಿಮಗೇ ಬಂದ ಕರೆಯನ್ನು ದೂರಿನ ಸಾಕ್ಷಿಗೆಂದು ನೀವೇ ರೆಕಾರ್ಡ್ ಮಾಡಿಕೊಳ್ಳುವುದಕ್ಕೆ ಹೆದರಬೇಕಿಲ್ಲ. ಅದನ್ನು ಫೇಸ್‌ಬುಕ್‌ಗೆ ಹಾಕಬೇಡಿ, ದೂರಿನ ಜೊತೆ ಕೊಡಿ. ಮೂಲ ಫೈಲನ್ನು ಅದೇ ಫೋನಿನಲ್ಲಿ ಹಾಗೇ ಉಳಿಸಿ, ಕತ್ತರಿಸಬೇಡಿ.

ಸ್ಟೇಷನ್‌ಗೆ ಹೋದ್ರೆ "ಸಾಲ ತಗೊಂಡಿದೀರಲ್ಲ, ಕಟ್ಟಿ" ಅಂತ ಕಳಿಸಿಬಿಡ್ತಾರೆ.

ದೂರಿನ ಮೊದಲ ಸಾಲಿನಲ್ಲೇ "ಸಾಲದ ವಿಷಯ" ಎಂದು ಬರೆದರೆ ಹೀಗಾಗುವುದು ಹೆಚ್ಚು. ನಿಮ್ಮ ದೂರು ಸಾಲದ ಬಗ್ಗೆ ಅಲ್ಲ, ಬೆದರಿಕೆಯ ಬಗ್ಗೆ. ಯಾವ ದಿನ, ಯಾವ ನಂಬರ್, ಯಾವ ಮಾತು ಎಂದು ಅವನು ಆಡಿದ ಹಾಗೇ ಬರೆಯಿರಿ. ಭಾರತೀಯ ನ್ಯಾಯ ಸಂಹಿತೆಯಲ್ಲಿ ಕ್ರಿಮಿನಲ್ ಬೆದರಿಕೆಗೆ 351, ಸುಲಿಗೆಗೆ 308, ಹೆಣ್ಣುಮಕ್ಕಳ ಮಾನಕ್ಕೆ ಕುಂದು ತರುವ ಮಾತಿಗೆ 79ನೇ ಕಲಂ ಇದೆ. ಠಾಣೆಯಲ್ಲಿ ತೆಗೆದುಕೊಳ್ಳದಿದ್ದರೆ ಅದೇ ದೂರನ್ನು ಎಸ್‌ಪಿ ಅಥವಾ ಪೊಲೀಸ್ ಆಯುಕ್ತರಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿ. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಕೋರ್ಟ್.

ಕರ್ನಾಟಕದಲ್ಲಿ ಹೊಸ ಕಾನೂನು ಬಂದಿದೆ, ಸಾಲ ಕಟ್ಟೋದೇ ಬೇಡ ಅಂತ ನಮ್ಮೂರಲ್ಲಿ ಮಾತಾಡ್ತಿದಾರೆ. ನಿಜಾನಾ?

ಅರ್ಧ ನಿಜ, ಆ ಅರ್ಧವೇ ಅಪಾಯ. 2025ರ ಶುರುವಿನಲ್ಲಿ ಚಾಮರಾಜನಗರ, ಮೈಸೂರು ಕಡೆಯ ಹಳ್ಳಿಗಳಲ್ಲಿ ವಸೂಲಿ ಕಾಟಕ್ಕೆ ಜನ ಮನೆಗೆ ಬೀಗ ಹಾಕಿ ಊರು ಬಿಟ್ಟ ಸುದ್ದಿ ಬಂತು. ಸರ್ಕಾರ ಸುಗ್ರೀವಾಜ್ಞೆ ಸಿದ್ಧಮಾಡಿತು, ರಾಜ್ಯಪಾಲರು ಮೊದಲು ವಾಪಸ್ ಕಳಿಸಿದರು, ಮತ್ತೆ ಕಳಿಸಿದ ಮೇಲೆ ಫೆಬ್ರುವರಿಯಲ್ಲಿ ಅಂಕಿತ ಬಿತ್ತು. ಮುಂದಿನ ತಿಂಗಳು ವಿಧಾನಮಂಡಲ ಅದನ್ನು ಮಸೂದೆಯಾಗಿ ಒಪ್ಪಿತು. ಕಿರುಸಾಲ, ಸಣ್ಣ ಸಾಲ ವಸೂಲಿಗೆ ಬಲವಂತ ಮಾಡಿದರೆ 10 ವರ್ಷದವರೆಗೆ ಸಜೆ, 5 ಲಕ್ಷ ರೂಪಾಯಿವರೆಗೆ ದಂಡ. ಹಿಂದೆ ಬೀಳುವುದು, ಮನೆ ಮುಂದೆ ನಿಲ್ಲುವುದು, ರೌಡಿಗಳನ್ನು ಕಳಿಸುವುದು ಎಲ್ಲ ಬಲವಂತವೇ. ದೂರು ಬಂದರೆ ಪೊಲೀಸರು ಇಲ್ಲ ಅನ್ನುವಂತಿಲ್ಲ.

ಸಾಲ ತೀರಿದಂತೆ ಎಂಬ ಮಾತು ಅದರಲ್ಲಿರುವುದು ನೋಂದಣಿಯೂ ಲೈಸೆನ್ಸೂ ಇಲ್ಲದೆ ಬಡವರಿಗೆ ದುಡ್ಡು ಬಿಟ್ಟವರ ವಿಷಯದಲ್ಲಿ. ಮೀಟರ್ ಬಡ್ಡಿಯವರಿಗೆ ಅದು ಬಿಸಿ ಮುಟ್ಟಿಸುತ್ತದೆ. ಆರ್‌ಬಿಐ ನೋಂದಣಿ ಇರುವ ಬ್ಯಾಂಕು, ಫೈನಾನ್ಸ್ ಕಂಪನಿಯ ಸಾಲ ಇದರಿಂದ ಮನ್ನಾ ಆಗಿಲ್ಲ. ಕಟ್ಟುವುದನ್ನು ನಿಲ್ಲಿಸುವ ಮುಂಚೆ ನಿಮ್ಮ ಪಾಸ್‌ಬುಕ್ಕಿನಲ್ಲಿರುವ ಕಂಪನಿ ಆರ್‌ಬಿಐ ಪಟ್ಟಿಯಲ್ಲಿದೆಯೇ ನೋಡಿ.

## ಸಾಲ ಮುಗಿಸುವಾಗ

ಕಾರ್ ಲೋನ್ ಎರಡು ಕಂತು ಬಾಕಿ. ರೋಡಲ್ಲೇ ಗಾಡಿ ಎತ್ಕೊಂಡು ಹೋಗ್ತೀವಿ ಅಂತಾರೆ.

ಗಾಡಿ ಅವರಿಗೆ ಅಡವಿದೆ, ಕರಾರಿನಲ್ಲಿ ವಶಕ್ಕೆ ಪಡೆಯುವ ಷರತ್ತೂ ಇರುತ್ತದೆ. ಆದರೆ ನೋಟಿಸ್, ಅದರ ಗಡುವು, ಮಾರುವ ಮುಂಚೆ ಕೊನೆಯ ಅವಕಾಶ ಇವೆಲ್ಲ ದಾಟಿ ಬರಬೇಕು. ನಾಲ್ಕು ಜನ ಅಡ್ಡಹಾಕಿ ಕೀ ಕಿತ್ತುಕೊಳ್ಳುವುದು ಆ ದಾರಿಯಲ್ಲ. ಗೂಂಡಾಗಳನ್ನು ಬಿಟ್ಟು ಗಾಡಿ ಎತ್ತಿಸುವ ಬ್ಯಾಂಕುಗಳ ಪದ್ಧತಿಯನ್ನು ಸುಪ್ರೀಂ ಕೋರ್ಟ್ 2007ರಲ್ಲೇ, ಪ್ರಕಾಶ್ ಕೌರ್ ಪ್ರಕರಣದಲ್ಲಿ, ಖಂಡಿಸಿದೆ. ಅಡ್ಡಹಾಕಿದರೆ ಒಳಗೇ ಕೂತು, ಗಾಜು ಏರಿಸಿ 112ಕ್ಕೆ ಫೋನ್ ಮಾಡಿ.

ಅರ್ಧ ಕಟ್ಟಿ ಸೆಟ್ಲ್‌ಮೆಂಟ್ ಮಾಡ್ಕೊಳ್ಳಿ, ಆಫರ್ ಇವತ್ತೇ ಕೊನೆ ಅಂತಾನೆ. ಮಾಡ್ಕೊಳ್ಲಾ?

ತಿಂಗಳ ಕೊನೆಗೆ ಏಜೆಂಟರ ಟಾರ್ಗೆಟ್ ಇರುತ್ತದೆ, "ಇವತ್ತೇ ಕೊನೆ" ಅನ್ನುವುದು ಅದಕ್ಕೆ. ಬ್ಯಾಂಕಿನ ಅಧಿಕೃತ ಇಮೇಲ್ ಅಥವಾ ಲೆಟರ್‌ಹೆಡ್‌ನಲ್ಲಿ ಪತ್ರ ಬರುವ ತನಕ ಒಂದು ರೂಪಾಯಿ ಕಟ್ಟಬೇಡಿ. ಪತ್ರದಲ್ಲಿ ಖಾತೆ ಸಂಖ್ಯೆ, ಮೊತ್ತ, ಕೊನೆಯ ದಿನ, ಇಷ್ಟು ಕಟ್ಟಿದರೆ ಉಳಿದದ್ದಕ್ಕೆ ಹಕ್ಕು ಬಿಡುತ್ತೇವೆ ಎಂಬ ಮಾತು ಇರಬೇಕು.

ಕ್ರೆಡಿಟ್ ರಿಪೋರ್ಟಿನಲ್ಲಿ "ಕ್ಲೋಸ್ಡ್" ಬದಲು "ಸೆಟಲ್ಡ್" ಎಂದು ಬರುತ್ತದೆ, ಮುಂದೆ ಮನೆ ಸಾಲಕ್ಕೆ ಹೋದಾಗ ಅದು ಅಡ್ಡ ಬರುತ್ತದೆ. ಕೆಲಸ ಇದ್ದು ಆರೆಂಟು ತಿಂಗಳಲ್ಲಿ ಪೂರ್ತಿ ತೀರಿಸುವ ಶಕ್ತಿ ಇರುವವರು ಸೆಟ್ಲ್‌ಮೆಂಟಿಗಿಂತ ಕಂತು ಮರುಹೊಂದಿಕೆ ಕೇಳುವುದೇ ಮೇಲು. ಕೆಲಸ ಹೋಗಿ, ದಾರಿಯೇ ಕಾಣದವರಿಗೆ ಸೆಟ್ಲ್‌ಮೆಂಟ್ ತಪ್ಪಲ್ಲ.

ಏಳೆಂಟು ವರ್ಷದ ಹಳೇ ಸಾಲ. ಈಗ ಯಾವುದೋ ಏಜೆನ್ಸಿ ಫೋನ್ ಮಾಡಿ "ಬರೀ ಸಾವಿರ ಕಟ್ಟಿ, ಒಂದು ಪತ್ರಕ್ಕೆ ಸಹಿ ಹಾಕಿ" ಅಂತಾರೆ.

ಸಹಿ ಹಾಕಬೇಡಿ, ತಡೆಯಿರಿ. ಅಡಮಾನವಿಲ್ಲದ ಸಾಲಕ್ಕೆ ಕೋರ್ಟಿಗೆ ಹೋಗಲು ಸಾಮಾನ್ಯವಾಗಿ ಮೂರು ವರ್ಷದ ಕಾಲಮಿತಿ. ಆ ಅವಧಿ ಮುಗಿಯುವ ಮೊದಲು ಸಾಲ ಒಪ್ಪಿಕೊಂಡು ಸಹಿ ಹಾಕಿದರೆ ಅಥವಾ ಭಾಗಶಃ ಕಟ್ಟಿದರೆ ಎಣಿಕೆ ಹೊಸದಾಗಿ ಶುರುವಾಗಬಹುದು. ಅವಧಿ ಮುಗಿದ ಮೇಲೂ "ಕಟ್ಟುತ್ತೇನೆ" ಎಂದು ಬರೆದು ಸಹಿ ಹಾಕಿದರೆ ಕರಾರು ಕಾಯ್ದೆಯ 25ನೇ ಕಲಂ ಪ್ರಕಾರ ಅದು ಹೊಸ ಕರಾರಾಗುತ್ತದೆ. ಅವರಿಗೆ ಸಾವಿರ ರೂಪಾಯಿ ಬೇಕಿಲ್ಲ, ಆ ಸಹಿ ಬೇಕು. ಕಾಲಮಿತಿ ಮುಗಿದರೆ ಸಾಲ ಅಳಿಸಿಹೋಗುವುದಿಲ್ಲ, ಕೋರ್ಟಿನ ದಾರಿ ಮುಚ್ಚುತ್ತದೆ ಅಷ್ಟೆ. ಮನೆ, ಜಾಗ ಅಡವಿಟ್ಟ ಸಾಲಕ್ಕೆ ಲೆಕ್ಕವೇ ಬೇರೆ, ಅದಕ್ಕೆ ವಕೀಲರು ಬೇಕೇ ಬೇಕು.

ಲೋಕ ಅದಾಲತ್ ನೋಟಿಸ್ ಅಂತ ವಾಟ್ಸ್ಆ್ಯಪ್‌ಗೆ ಬಂದಿದೆ. ಹೋಗ್ದಿದ್ರೆ ಅರೆಸ್ಟಾ?

ಅಲ್ಲ. ಅದು ರಾಜಿಗೆ ಕರೆ. ಮೊದಲು ನಿಜವೇ ನೋಡಿ: ನಿಮ್ಮ ತಾಲ್ಲೂಕು ಕೋರ್ಟಿನಲ್ಲಿರುವ ಕಾನೂನು ಸೇವಾ ಸಮಿತಿಗೆ ತೋರಿಸಿದರೆ ಹೇಳುತ್ತಾರೆ. ನಿಜವಾಗಿದ್ದರೆ ಹೋಗಿ, ಫೋನಿನಲ್ಲಿ ಸಿಗದ ರಿಯಾಯಿತಿ ಅಲ್ಲಿ ನ್ಯಾಯಾಧೀಶರ ಮುಂದೆ ಸಿಗುವುದುಂಟು. ಆದರೆ ಒಪ್ಪಿ ಸಹಿ ಹಾಕಿದ ಮೇಲೆ ಅಪೀಲು ಇಲ್ಲ. ಕಟ್ಟಲಾಗದ ಮೊತ್ತಕ್ಕೆ ನಾಚಿಕೆಯಿಂದ ತಲೆಯಾಡಿಸಬೇಡಿ. ಉಚಿತ ವಕೀಲರಿಗೆ 15100ಕ್ಕೆ ಫೋನ್ ಮಾಡಬಹುದು, ಹೆಂಗಸರಿಗೆ ಆದಾಯ ಎಷ್ಟಿದ್ದರೂ ಈ ನೆರವು ಇದೆ.

ಎಲ್ಲಾ ಕಟ್ಟಿ ಮುಗಿಸಿದೆ. ಆದ್ರೂ ಫೋನ್ ಬರ್ತಾನೇ ಇದೆ!

ಏಜೆನ್ಸಿಯ ಪಟ್ಟಿಯಲ್ಲಿ ನಿಮ್ಮ ಹೆಸರು ಇನ್ನೂ ತೆಗೆದಿಲ್ಲ. ಬಾಕಿ ಇಲ್ಲ ಎಂಬ ಪತ್ರ ಕೈಯಲ್ಲಿದೆಯೇ? ಇಲ್ಲದಿದ್ದರೆ ಇವತ್ತೇ ಬರೆದು ಕೇಳಿ. ಇದ್ದರೆ ಅದರ ಫೋಟೋವನ್ನು ಬ್ಯಾಂಕಿನ ದೂರು ವಿಭಾಗಕ್ಕೆ ಕಳಿಸಿ, ಏಜೆಂಟನಿಗೆ ವಿವರಿಸುತ್ತಾ ಕೂರಬೇಡಿ. ಮನೆಪತ್ರ ಅಡವಿಟ್ಟಿದ್ದರೆ ಸಾಲ ತೀರಿದ 30 ದಿನದೊಳಗೆ ಮೂಲ ದಾಖಲೆ ವಾಪಸ್ ಬರಬೇಕು. ಅವರಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಅವರೇ ಕೊಡಬೇಕು. ಕ್ರೆಡಿಟ್ ರಿಪೋರ್ಟಿನಲ್ಲಿ ಇನ್ನೂ ಬಾಕಿ ತೋರಿಸುತ್ತಿದ್ದರೆ ತಿದ್ದುಪಡಿಗೆ ಅರ್ಜಿ ಹಾಕಿ, 30 ದಿನ ದಾಟಿದರೆ ದಿನಕ್ಕೆ 100 ರೂಪಾಯಿ ಪರಿಹಾರ. ಈ ಎರಡೂ ದುಡ್ಡನ್ನು ಕೇಳಿಯೇ ತೆಗೆದುಕೊಳ್ಳಬೇಕಾಗುತ್ತದೆ, ತಾವಾಗಿ ಫೋನ್ ಮಾಡಿ ಕೊಡುವ ಬ್ಯಾಂಕನ್ನು ನಾನಿನ್ನೂ ಕಂಡಿಲ್ಲ.